ಶ್ರೀಗಂಧದ ಕಾವಲಿನಲ್ಲಿ ಕೆಲವು ದಿನಗಳು

ಮಾಗಡಿಯಿಂದ ಬೆಂಗಳೂರಿಗೆ ಬರುವ ದಾರಿಯು ಸುಮಾರು 50 ಕಿಲೋಮೀಟರುಗಳಷ್ಟು ಉದ್ದವುಳ್ಳದ್ದು. ತಾವರೆಕೆರೆಯವರೆಗೆ ಇಕ್ಕೆಲಗಳಲ್ಲಿಯೂ ರಾಗಿಯ ಹೊಲ, ಅವರೆಯ ಸಾಲು, ಅಲ್ಲಲ್ಲಿ ತೆಂಗು ಇವು ಕಣ್ಣಿಗೆ ಬೀಳುತ್ತವೆ. ಬ್ಯಾಡರಹಳ್ಳಿಯ ಹೊತ್ತಿಗೆ ಪಟ್ಟಣವೇ ನಮ್ಮನ್ನು ಎದುರುಗೊಳ್ಳಲು ಬಂದಿರುತ್ತದೆ. ಅಲ್ಲಿಂದ ಮುಂದೆ ಸುಂಕದಕಟ್ಟೆ, ಕೊಟ್ಟಿಗೆಪಾಳ್ಯ, ಸುಮನಹಳ್ಳಿ, ಕಾಮಾಕ್ಷಿಪಾಳ್ಯ ಎಂದು ಕಂಡಕ್ಟರು ಕೂಗುತ್ತ ಹೋಗುತ್ತಾನೆ. ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಶಬ್ದಧಾತುಗಳನ್ನು ಪಾಠ ಹೇಳಿದ ನಮಗೆ ಹೆಸರುಗಳನ್ನು ಬಿಡಿಸಿ ನೋಡುವ ಚಟವು ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. ಸುಂಕ ಎತ್ತುವ ಕಟ್ಟೆ, ದನದ ಕೊಟ್ಟಿಗೆ, ಇವುಗಳ ಮಗ್ಗುಲಿಗೆ ಶ್ರೀಗಂಧದ ಕಾವಲು: ಈ ಮೂರು ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಹಳೆಯ ಕಾಲದ ಸೀಮೆಯೊಂದು ಮನಸ್ಸಿಗೆ ಗೋಚರವಾಗುತ್ತದೆ.

ಕಾವಲು ಎಂದರೆ ದನಗಳ ಮೇವಿಗಾಗಿ ಕಾದಿಟ್ಟ ಹುಲ್ಲುಗಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರು (1672–1704) ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯ ಕೈಗೆ ಇಂತಹ ಕಾವಲುಗಳನ್ನು ಒಪ್ಪಿಸಿದ್ದರು; ಟಿಪ್ಪು ಸುಲ್ತಾನನು ಅದಕ್ಕೇ ‘ಅಮೃತ ಮಹಲ್’ ಎಂದು ಹೆಸರಿಟ್ಟನು. ಗಂಧದ ಮರವನ್ನು 1792ರಲ್ಲಿ ರಾಜವೃಕ್ಷವೆಂದು ಸಾರಿದವನೂ ಅವನೇ. ಅಂದಿನಿಂದ ಹೊಲದೊಡೆಯನ ಹೊಲದಲ್ಲಿ ಬೆಳೆದರೂ ಮರವು ಸರ್ಕಾರದ್ದೇ ಆಗಿ, 2001ರ ತಿದ್ದುಪಡಿಯ ತರುವಾಯವೇ ನಮ್ಮ ರಾಜ್ಯದಲ್ಲಿ ಬೆಳೆದವನಿಗೆ ಅದರ ಒಡೆತನವು ಬಂದಿತು. ಇಂದು ಈ ಕಾವಲಿನಲ್ಲಿ ಮೂರಂತಸ್ತಿನ ಮನೆಗಳು, ನೀರಿನ ಟ್ಯಾಂಕರುಗಳು, ಬೀಗಮುದ್ರೆಯ ಬಾಡಿಗೆ ಮನೆಗಳ ಫಲಕಗಳು, ಮೊಬೈಲು ಅಂಗಡಿಗಳು. ಗಂಧವನ್ನು ಹುಡುಕಿಕೊಂಡು ನಾವು ಒಂದು ಬೆಳಿಗ್ಗೆ ಸುತ್ತಿದೆವು. ಸಸಿಗಳನ್ನು ಮಾರುವ ಒಂದು ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಗೇಣುದ್ದದ ಗಿಡವು ಕಂಡಿತು. ಅದರ ಬುಡದಲ್ಲಿಯೇ ಒಂದು ತೊಗರಿಯ ಗಿಡ. ಗಂಧವು ತನ್ನ ಬೇರಿನಿಂದ ನೆರೆಯ ಗಿಡದ ಬೇರನ್ನು ಹಿಡಿದು ಆಹಾರದ ಒಂದು ಭಾಗವನ್ನು ಅಲ್ಲಿಂದ ಹೀರುವ ಜಾತಿಯದು. ಆದಕಾರಣ ಎಳೆಯ ಸಸಿಗೆ ತೊಗರಿಯ ಸಹವಾಸವನ್ನು ಕೂಡಿಸಿ ಮಾರುತ್ತಾರೆ. ಕವಿಗಳು ಗಂಧಕ್ಕೆ ಹಾವನ್ನು ಸುತ್ತಿಸಿದರೇ ಹೊರತು ಈ ಸಂಗತಿಯನ್ನು ಗಮನಿಸಿದಂತೆ ತೋರುವುದಿಲ್ಲ.

ನಾವು ಅಲ್ಲಿಗೆ ಹೋದದ್ದು ಗಂಧಕ್ಕಾಗಿ ಅಲ್ಲ. ಮಾಗಡಿಯ ಕಡೆಯ ಶಾಲೆಯೊಂದರಲ್ಲಿ ನಮ್ಮ ಬಳಿ ಓದಿದ ಹುಡುಗನೊಬ್ಬನು ಇಪ್ಪತ್ತೈದು ವರ್ಷಗಳ ಹಿಂದೆ ಇದೇ ರಸ್ತೆಯನ್ನು ಹಿಡಿದು ಬೆಂಗಳೂರಿಗೆ ಬಂದು, ಕಾವಲಿನಲ್ಲಿ ಹಿಟ್ಟಿನ ಗಿರಣಿಯನ್ನಿಟ್ಟು, ಸಾಲ ಮಾಡಿ ಮನೆ ಕಟ್ಟಿ, ಸಂಸಾರವನ್ನು ನಡೆಸುತ್ತಿದ್ದಾನೆ. ಅವನು ಒಂದು ರಾತ್ರಿ ಫೋನು ಮಾಡಿ, “ಮೇಷ್ಟ್ರೇ, ತಾವು ಒಂದು ಸಲ ಬಂದು ಹೋಗಬೇಕು, ಮಗನ ವಿಷಯ, ಫೋನಿನಲ್ಲಿ ಹೇಳುವುದಕ್ಕಾಗುವುದಿಲ್ಲ” ಎಂದನು. ಹೆಸರುಗಳನ್ನು ನಾವು ಬರೆಯುವುದಿಲ್ಲ. ಆ ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಗಳಿದ್ದಾಳೆ.

ಮಗನಿಗೆ ಇಪ್ಪತ್ತೆರಡು ವರ್ಷ. ಕಾಮಾಕ್ಷಿಪಾಳ್ಯದ ಲೇತ್ ಕಾರ್ಖಾನೆಯೊಂದರಲ್ಲಿ ಕೆಲಸ. ಎರಡು ವರ್ಷಗಳ ಹಿಂದೆ ಭಾರವನ್ನೆತ್ತುವಾಗ ಸೊಂಟವು ಉಳುಕಿ, ನೋವಿಗೆಂದು ಟೆಪೆಂಟಡಾಲ್ ಎಂಬ ಮಾತ್ರೆಯನ್ನು ಡಾಕ್ಟರು ಹತ್ತು ದಿನಕ್ಕೆ ಬರೆದುಕೊಟ್ಟರು. ನೋವು ಹೋಯಿತು, ಮಾತ್ರೆಯು ಹೋಗಲಿಲ್ಲ. ಜೊತೆಯ ಹುಡುಗರು ಚೀಟಿಯಿಲ್ಲದೆ ದೊರೆಯುವ ಜಾಗವನ್ನು ತೋರಿಸಿದರು. ಒಂದಿದ್ದುದು ಎರಡಾಯಿತು, ಎರಡು ಆರಾಯಿತು, ಸಂಬಳವು ಸಾಲದಾಯಿತು, ತಂಗಿಯ ಬಳೆಯು ಕಾಣದಾಯಿತು. ತಾನಾಗಿಯೇ ಬಿಡುತ್ತೇನೆಂದು ಎರಡು ಸಲ ಕೋಣೆಯೊಳಗೆ ಬಾಗಿಲು ಹಾಕಿಕೊಂಡನಂತೆ. ಎರಡು ಸಲವೂ ಎರಡನೆಯ ರಾತ್ರಿಗೆ ಗೋಡೆ ಹಾರಿ ಹೋದನಂತೆ. “ಹಠ ಮೇಷ್ಟ್ರೇ, ಬರಿಯ ಹಠ. ನಾನು ಇವನಿಗೇನು ಕಡಿಮೆ ಮಾಡಿದ್ದೆ?” ಎಂದು ತಂದೆಯು ಕೇಳಿದನು. ತಾಯಿಯು ಸಾವನದುರ್ಗದ ವೀರಭದ್ರಸ್ವಾಮಿಗೆ ಹರಕೆ ಹೊತ್ತಿದ್ದಳು. ಹುಡುಗನು ಬಾಗಿಲ ಹಿಂದೆ ನಿಂತಿದ್ದನು. ಅವನ ಕಣ್ಣಿನ ಪಾಪೆಯು ಸಾಸಿವೆಯ ಕಾಳಿನಷ್ಟಾಗಿತ್ತು.

ಇಲ್ಲಿ ಒಂದು ಮಾತನ್ನು ವಿವರಿಸಬೇಕಾಗಿದೆ. ಈ ಬಗೆಯ ಮಾತ್ರೆಗಳೆಲ್ಲ ಅಫೀಮಿನ ಮನೆತನಕ್ಕೆ ಸೇರಿದವು. ಕೆಲವು ಗಿಡದಿಂದ ಬಂದವು, ಕೆಲವು ಕಾರ್ಖಾನೆಯಲ್ಲಿ ಹುಟ್ಟಿದವು. ಗಿಡವಾದರೋ ನಮ್ಮ ಗೃಹಿಣಿಯರಿಗೆ ಅಪರಿಚಿತವಲ್ಲ. ಹಬ್ಬದ ದಿನ ಪಾಯಸಕ್ಕೆ ಅರೆಯುವ ಗಸಗಸೆಯು ಅದೇ ಗಿಡದ ಬೀಜ. ಬೀಜದಲ್ಲಿ ಅಮಲಿನ ಅಂಶವು ಗಣನೆಗೆ ಬಾರದಷ್ಟು; ಹಸಿಯ ಕಾಯಿಯನ್ನು ಗೀರಿದಾಗ ಒಸರುವ ಹಾಲಿನಲ್ಲಿ ಅದೆಲ್ಲವೂ ಇರುತ್ತದೆ. ಈ ಹಾಲಿಗೆ ಸಂಸ್ಕೃತದಲ್ಲಿ ‘ಅಹಿಫೇನ’, ಎಂದರೆ ಹಾವಿನ ನೊರೆ, ಎಂಬ ಹೆಸರು. ಚರಕ ಸುಶ್ರುತರಲ್ಲಿ ಅದು ಕಾಣುವುದಿಲ್ಲ. ಶಾರ್ಙ್ಗಧರನ ಕಾಲದ ವೈದ್ಯಗ್ರಂಥಗಳಲ್ಲಿ ಬರುತ್ತದೆ. ಗ್ರೀಕರ ‘ಓಪಿಯೋನ್’ ಎಂಬುದು ಅರಬರ ಬಾಯಿಯಲ್ಲಿ ‘ಅಫ್ಯೂನ್’ ಆಗಿ, ನಮ್ಮ ಪಂಡಿತರು ಅದಕ್ಕೆ ಸಂಸ್ಕೃತದ ಪಂಚೆಯನ್ನುಡಿಸಿ ಅಹಿಫೇನವೆಂದರು. ವ್ಯುತ್ಪತ್ತಿಯು ಕೃತಕವಾದರೂ ಅರ್ಥವು ಕೃತಕವಲ್ಲವೆಂದು ನಮಗೆ ಆ ಮನೆಯ ನಡುಮನೆಯಲ್ಲಿ ಕುಳಿತಾಗ ತೋರಿತು.

ಇಂಗ್ಲಿಷರ ಕುಂಪಣಿಯು ಬಿಹಾರ ಕಾಶಿಗಳ ಸೀಮೆಯಲ್ಲಿ ಇದನ್ನು ಬೆಳೆಸಿ ಚೀನಾ ದೇಶಕ್ಕೆ ಸಾಗಿಸಿದ ಲಾಭಕ್ಕಾಗಿ 1839ರಲ್ಲಿ ಯುದ್ಧವೇ ನಡೆಯಿತು. ಆ ಕಾಲದ ಗಾಜೀಪುರದ ಕಾರ್ಖಾನೆಯು ಇಂದಿಗೂ ಸರ್ಕಾರದ ವಶದಲ್ಲಿದ್ದು ಔಷಧಕ್ಕಾಗಿ ಕೆಲಸ ಮಾಡುತ್ತಿದೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಎಂಬ ಔಷಧಿ ತಯಾರಕನು ಅಫೀಮಿನಿಂದ ಅದರ ಸತ್ವವನ್ನು ಬೇರ್ಪಡಿಸಿ, ಸ್ವಪ್ನದೇವತೆಯ ಹೆಸರಿನಿಂದ ಮಾರ್ಫೀನ್ ಎಂದು ಕರೆದನು. 1898ರಲ್ಲಿ ಬೇಯರ್ ಕಂಪೆನಿಯವರು ಹೆರಾಯಿನ್ ಎಂಬುದನ್ನು ಕೆಮ್ಮಿನ ಔಷಧವೆಂದು ಮಾರಿದರು. ಪ್ರತಿಯೊಂದು ಹೊಸದೂ ಹಳೆಯದರ ದೋಷವಿಲ್ಲದ್ದೆಂಬ ಕೀರ್ತಿಯೊಡನೆ ಬಂದು ಅದೇ ದೋಷವನ್ನು ತೋರಿಸಿರುತ್ತದೆ. ಟ್ರಮಡಾಲ್ ಎಂಬ ಮಾತ್ರೆಯನ್ನು ನಮ್ಮ ಸರ್ಕಾರವು 2018ರಲ್ಲಿ ಮಾದಕ ದ್ರವ್ಯಗಳ ಕಾನೂನಿನ ಕೆಳಗೆ ತಂದಿತು. ಟೆಪೆಂಟಡಾಲು ಅದರ ದಾಯಾದಿ. ಹಾಗೆಂದು ಇವು ಹೇಯವಸ್ತುಗಳಲ್ಲ. ಅರ್ಬುದದ ಕೊನೆಯ ನೋವನ್ನು ಕಂಡವರು ಮಾರ್ಫೀನನ್ನು ನಿಂದಿಸಲಾರರು.

ಮರುದಿನ ತಂದೆಯು ನಮ್ಮನ್ನು ಮೊದಲು ಕರೆದುಕೊಂಡು ಹೋದದ್ದು ಊರ ಹೊರಗಿನ ಒಂದು ಮನೆಗೆ. ಅಮಲು ಬಿಡಿಸುವ ಮನೆಯೆಂದು ಯಾರೋ ಹೇಳಿದ್ದರಂತೆ. ಎತ್ತರದ ಗೋಡೆ, ಹೊರಗಿನಿಂದ ಬೀಗ. ಅಲ್ಲಿನ ಯಜಮಾನನು, “ಮೂರು ತಿಂಗಳು ಬಿಟ್ಟು ಹೋಗಿ, ಔಷಧಿಗಿವುಷಧಿ ಏನೂ ಇಲ್ಲ, ತಣ್ಣೀರು ಸ್ನಾನ, ಶಿಸ್ತು. ನೋಡುವುದಕ್ಕೆ ಬರಕೂಡದು” ಎಂದನು. ಡಾಕ್ಟರು ಯಾರು, ರಿಜಿಸ್ಟ್ರೇಷನ್ ಪತ್ರವೆಲ್ಲಿ ಎಂದು ನಾವು ಕೇಳಿದೆವು. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಅಮಲಿನ ವ್ಯಾಧಿಯೂ ಚಿಕಿತ್ಸಾರ್ಹವಾದ ಮಾನಸಿಕ ಅನಾರೋಗ್ಯದಲ್ಲಿಯೇ ಸೇರಿದೆ. ಇಂತಹ ರೋಗಿಗಳನ್ನು ಇಟ್ಟುಕೊಂಡು ಚಿಕಿತ್ಸೆ ಮಾಡುವ ಮನೆಯು ನೋಂದಣಿಯಾಗಿರಬೇಕು. ಸರಪಳಿ ಹಾಕುವುದು ಸುತರಾಂ ನಿಷಿದ್ಧ. ಯಜಮಾನನು ನಮ್ಮ ಪ್ರಶ್ನೆಗೆ ಉತ್ತರ ಕೊಡದೆ, ಹಣವನ್ನು ಮುಂಗಡವಾಗಿ ಕಟ್ಟಬೇಕೆಂದನು. ಒಳಗಿನಿಂದ ಯಾರೋ ಕೂಗಿಕೊಂಡ ದನಿ ಕೇಳಿಸಿತು. ಶಿಷ್ಯನ ತೋಳನ್ನು ಹಿಡಿದುಕೊಂಡು ನಾವು ಹೊರಗೆ ಬಂದೆವು.

ಬರುವಾಗ ಸುಮನಹಳ್ಳಿಯ ಮೇಲೆ ಬಂದೆವು. ಕುಷ್ಠರೋಗಿಗಳ ಪುನರ್ವಸತಿಗಾಗಿ 1978ರಲ್ಲಿ ಇಲ್ಲಿ ಒಂದು ಸಂಸ್ಥೆಯು ಪ್ರಾರಂಭವಾಯಿತು. ಇದೇ ಮಾಗಡಿ ರಸ್ತೆಯಲ್ಲಿಯೇ ಭಿಕ್ಷುಕರ ನಿರಾಶ್ರಿತ ಕೇಂದ್ರವೂ ಇದೆ. ಪಟ್ಟಣವು ತಾನು ನೋಡಲೊಲ್ಲದವರನ್ನು ಪಶ್ಚಿಮದ ಈ ದಿಕ್ಕಿಗೆ ಕಳುಹಿಸುತ್ತಿದ್ದಂತೆ ಕಾಣುತ್ತದೆ. ಆಮೇಲೆ ಪಟ್ಟಣವೇ ಬೆಳೆದು ಅವರ ಸುತ್ತಲೂ ಬಂದು ನಿಂತಿತು. ಕುಷ್ಠವು ಪೂರ್ವಜನ್ಮದ ಪಾಪವೆಂದು ನಮ್ಮ ಅಜ್ಜಿಯರು ನಂಬಿದ್ದರು. 1980ರ ದಶಕದಿಂದ ಈಚೆಗೆ ಎರಡು ಮೂರು ಔಷಧಿಗಳನ್ನು ಕೂಡಿಸಿ ಕೊಡುವ ಕ್ರಮವು ಬಂದು, ಆರು ತಿಂಗಳು ಅಥವಾ ಒಂದು ವರ್ಷದಲ್ಲಿ ಅದು ವಾಸಿಯಾಗುತ್ತದೆ. ನಾವು ಇದನ್ನು ಬಸ್ಸಿನಲ್ಲಿ ಶಿಷ್ಯನಿಗೆ ಹೇಳಿದೆವು. ಅವನು ಮಾತನಾಡಲಿಲ್ಲ. ಇಳಿಯುವಾಗ, “ಹಾಗಾದರೆ ಆಸ್ಪತ್ರೆಗೇ ಹೋಗೋಣ ಮೇಷ್ಟ್ರೇ” ಎಂದನು.

ಬೆಂಗಳೂರಿನಲ್ಲಿ ಈ ವಿದ್ಯೆಗೆ ಹೆಸರಾದದ್ದು ಹೊಸೂರು ರಸ್ತೆಯ ನಿಮ್ಹಾನ್ಸ್. 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ ಆದ ಸಂಸ್ಥೆಯದು; ವ್ಯಸನ ಚಿಕಿತ್ಸೆಗಾಗಿಯೇ ಅಲ್ಲಿ ಪ್ರತ್ಯೇಕ ಕೇಂದ್ರವಿದೆ. ಇತರ ದೊಡ್ಡ ಆಸ್ಪತ್ರೆಗಳ ಮನೋವೈದ್ಯ ವಿಭಾಗಗಳಲ್ಲಿಯೂ ಈ ಚಿಕಿತ್ಸೆಯುಂಟು. ನಾವು ಹೋದದ್ದು ಎಲ್ಲಿಗೆಂಬುದನ್ನು ಆ ಕುಟುಂಬದ ಸಲುವಾಗಿ ಬರೆಯದೆ ಬಿಡುತ್ತೇವೆ. ಡಾಕ್ಟರು ಒಬ್ಬ ಹೆಣ್ಣುಮಗಳು; ನಮ್ಮ ಸೊಸೆಯ ವಯಸ್ಸು. ಹುಡುಗನನ್ನು ಒಂಟಿಯಾಗಿ ಅರ್ಧ ಗಂಟೆ ಮಾತನಾಡಿಸಿದ ಮೇಲೆ ನಮ್ಮನ್ನು ಒಳಗೆ ಕರೆದರು.

“ಇದು ಹಠ ಅಲ್ಲ ಸಾರ್” ಎಂದು ತಂದೆಗೆ ಹೇಳಿದರು. ಅವರು ವಿವರಿಸಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ನೋವನ್ನು ಶಮನ ಮಾಡುವ ಅಫೀಮಿನಂತಹ ದ್ರವವನ್ನು ಶರೀರವು ತಾನೇ ಸ್ವಲ್ಪ ಸ್ವಲ್ಪವಾಗಿ ತಯಾರಿಸಿಕೊಳ್ಳುತ್ತದೆ; 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಇದನ್ನು ಕಂಡುಹಿಡಿದರು. ಮನೆಗೆ ಕೊಳಾಯಿ ಬಂದ ಮೇಲೆ ಹಿತ್ತಿಲ ಬಾವಿಯನ್ನು ಸೇದುವವರಿಲ್ಲದೆ ಅದು ಹೂಳು ತುಂಬುವಂತೆ, ಹೊರಗಿನಿಂದ ಬಹುವಾಗಿ ಸುರಿದಾಗ ಒಳಗಿನ ಏರ್ಪಾಡು ಜಡವಾಗುತ್ತದೆ. ಕೊಳಾಯಿಯು ಥಟ್ಟನೆ ನಿಂತರೆ ಬಾವಿಯಲ್ಲಿ ಬರುವುದು ಕೆಸರೇ. ಕಡೆಯ ಮಾತ್ರೆಯಾದ ಆರರಿಂದ ಹನ್ನೆರಡು ಗಂಟೆಗಳೊಳಗೆ ಆಕಳಿಕೆ, ಕಣ್ಣೀರು, ಮೂಗು ಸೋರುವುದು, ಆಮೇಲೆ ಮೈ ನವಿರೇಳುವುದು, ಬೆವರು, ವಾಂತಿ, ಭೇದಿ, ಎಲುಬುಗಳೊಳಗಿನ ನೋವು, ಕಾಲು ನಿಲ್ಲದಂತಹ ಚಡಪಡಿಕೆ, ನಿದ್ರೆಯಂತೂ ಇಲ್ಲ. ಎರಡನೆಯ ಮೂರನೆಯ ದಿನಕ್ಕೆ ಅದು ಶಿಖರಕ್ಕೇರುತ್ತದೆ. ಹುಡುಗನು ಗೋಡೆ ಹಾರಿದ್ದು ಎರಡನೆಯ ರಾತ್ರಿ ಎಂಬುದನ್ನು ವಾಚಕರು ಸ್ಮರಿಸಬಹುದು. ಇದರಲ್ಲಿ ಪ್ರಾಣಾಪಾಯವು ಸಾಧಾರಣವಾಗಿ ಕಡಿಮೆಯಾದರೂ, ವಾಂತಿಭೇದಿಗಳಿಂದ ಮೈಯ ನೀರೆಲ್ಲ ಬತ್ತಿ ಸತ್ತವರುಂಟು; ಬೀಗ ಹಾಕಿದ ಕೋಣೆಯಲ್ಲಿ ಅದನ್ನು ನೋಡುವವರಾರು?

ಚಿಕಿತ್ಸೆಯ ಕ್ರಮವು ನಮಗೆ ಬಹಳ ಕುತೂಹಲಕರವಾಗಿ ಕಂಡಿತು. ಬ್ಯೂಪ್ರೆನಾರ್ಫಿನ್ ಎಂಬ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟು ಕರಗಿಸುತ್ತಾರೆ. ಅದೂ ಅಫೀಮಿನ ಮನೆತನದ್ದೇ. ಆದರೆ ಬೀಗದೊಳಗೆ ಅರ್ಧ ತಿರುಗುವ ಬೀಗದ ಕೈಯಂತೆ ಯಾತನೆಯನ್ನು ತಡೆಯುತ್ತದೆಯೇ ಹೊರತು ಅಮಲಿನ ಶಿಖರಕ್ಕೆ ಒಯ್ಯುವುದಿಲ್ಲ. ವಿಶೇಷವೇನೆಂದರೆ ಇದನ್ನು ಬಂದ ಕೂಡಲೆ ಕೊಡುವ ಹಾಗಿಲ್ಲ. ಹಳೆಯ ಮಾತ್ರೆಯು ಮೈಯಲ್ಲಿರುವಾಗ ಕೊಟ್ಟರೆ, ಅದನ್ನು ಒಮ್ಮೆಲೇ ತಳ್ಳಿ ತಾನು ಕುಳಿತು, ಇಡೀ ಯಾತನೆಯನ್ನು ಒಂದೇ ಗಂಟೆಯಲ್ಲಿ ಬರಮಾಡುತ್ತದೆ. ಆದಕಾರಣ ದಾದಿಯು 11 ಲಕ್ಷಣಗಳ ಒಂದು ಪಟ್ಟಿಯನ್ನಿಟ್ಟುಕೊಂಡು ನಾಡಿ, ಬೆವರು, ಪಾಪೆಯ ಅಗಲ, ಆಕಳಿಕೆ ಎಲ್ಲಕ್ಕೂ ಅಂಕಿಯನ್ನು ಹಾಕುತ್ತಾಳೆ. ಪರೀಕ್ಷೆಯಲ್ಲಿ ಅಂಕಗಳು ಸಾಲದಾದವೆಂದು ಹುಡುಗನನ್ನು ಕಾಯಿಸಿದ್ದನ್ನು ನಾವು ಉಪಾಧ್ಯಾಯವೃತ್ತಿಯಲ್ಲಿ ಬಹುಕಾಲ ಕಂಡಿದ್ದೆವು. ಇಂತಹ ಪರೀಕ್ಷೆಯನ್ನು ಅಲ್ಲಿಯೇ ಕಂಡದ್ದು. ಸಂಜೆ ಏಳರ ಹೊತ್ತಿಗೆ ಸಾಸಿವೆಯಷ್ಟಿದ್ದ ಪಾಪೆಯು ಮೆಣಸಿನಷ್ಟಾಯಿತು, ತೋಳಿನ ಮೇಲೆ ಕೋಳಿಯ ಚರ್ಮದಂತೆ ಗುಳ್ಳೆಗಳೆದ್ದವು. ಆಗ ಮೊದಲನೆಯ ಮಾತ್ರೆ. ಒಂದು ಗಂಟೆಯ ಮೇಲೆ ಅವನು ನೀರು ಕೇಳಿದನು.

ರೋಗಿಯ ಕಡೆಯವರೊಬ್ಬರು ವಾರ್ಡಿನಲ್ಲಿ ಇರಲೇಬೇಕು. ತಂದೆಯೇ ಉಳಿದನು. ಗಿರಣಿಯನ್ನು ಮುಚ್ಚಿದರೆ ಸಾಲದ ಕಂತು ನಿಲ್ಲುವುದು. ಆದಕಾರಣ ಯಂತ್ರವನ್ನು ಕೆಲಸದ ಹುಡುಗನು ನೋಡಿಕೊಂಡನು, ಗಲ್ಲಾಪೆಟ್ಟಿಗೆಯ ಮುಂದೆ ನಾವು ಕುಳಿತೆವು. ಪಾಣಿನಿಯ ಸೂತ್ರಗಳನ್ನು ಹೇಳಿದ ನಾಲಿಗೆಯು ಒಂಬತ್ತು ದಿನಗಳ ಕಾಲ ರಾಗಿಗೆ ಇಷ್ಟು, ಗೋಧಿಗೆ ಇಷ್ಟು ಎಂದು ಹೇಳಿತು; ಕನ್ನಡಕದ ಮೇಲೆ ಹಿಟ್ಟು ಕುಳಿತು ಲೋಕವೆಲ್ಲ ಹಿಮಾಲಯದಂತೆ ಕಾಣುತ್ತಿತ್ತು. ಬಂದವರೆಲ್ಲರೂ “ಯಜಮಾನರೆಲ್ಲಿ?” ಎಂದು ಕೇಳುವರು. ಮನೆಯಾಕೆಯು, ತಿರುಪತಿಗೆ ಹೋಗಿದ್ದಾರೆಂದು ಹೇಳಿಬಿಡಿ ಎಂದು ನಮ್ಮನ್ನು ಬೇಡಿಕೊಂಡಿದ್ದಳು. ಮಗಳ ನಿಶ್ಚಿತಾರ್ಥಕ್ಕೆ ಮೂರು ವಾರವಿತ್ತು. ಆ ತಾಯಿಯ ಭಯವು ಅಕಾರಣವಾದುದೆಂದು ನಾವು ಹೇಳಲಾರೆವು. ಮಗನಿಗೆ ಮೈ ಸರಿಯಿಲ್ಲ, ಆಸ್ಪತ್ರೆಯಲ್ಲಿದ್ದಾರೆ ಎಂದು ಮಾತ್ರ ಹೇಳುತ್ತಿದ್ದೆವು.

ನಾಲ್ಕನೆಯ ದಿನ ಅಕ್ಕಿ ಬೀಸಿಸಲು ಬಂದ ಹೆಂಗಸೊಬ್ಬಳು ಡಬ್ಬಿಯನ್ನು ಕೆಳಗಿಟ್ಟು, ಯಂತ್ರದ ಸದ್ದಿನಲ್ಲಿ ಇತರರಿಗೆ ಕೇಳಿಸದಂತೆ, “ಮಾತ್ರೆಯ ಕಾಯಿಲೆಯೇ ಸ್ವಾಮಿ?” ಎಂದಳು. ನಾವು ಸುಮ್ಮನಿದ್ದೆವು. “ನನ್ನ ತಮ್ಮನಿಗೂ ಅದೇ. ಎಲ್ಲಿಗೆ ಕರೆದುಕೊಂಡು ಹೋದರು, ಅಷ್ಟು ಹೇಳಿ” ಎಂದಳು. ಹಿಟ್ಟಿನ ಚೀಟಿಯ ಹಿಂದೆ ವಿಳಾಸವನ್ನು ಬರೆದುಕೊಟ್ಟೆವು; ಕೇಂದ್ರ ಸರ್ಕಾರದ ಸಹಾಯವಾಣಿಯ 14446 ಎಂಬ ಸಂಖ್ಯೆಯನ್ನೂ ಬರೆದೆವು. ಅದಕ್ಕೆ ಫೋನು ಮಾಡಲು ಹಣವಿಲ್ಲ. ಪೊಲೀಸರು ಹಿಡಿದಾರೆಂದು ಅವಳಿಗೆ ಹೆದರಿಕೆ. 1985ರ ಮಾದಕ ದ್ರವ್ಯಗಳ ಕಾಯಿದೆಯ 64ಎ ಎಂಬ ಕಲಮಿನಲ್ಲಿ, ತಾನೇ ಮುಂದೆ ಬಂದು ಚಿಕಿತ್ಸೆಯನ್ನು ಕೋರುವ ವ್ಯಸನಿಗೆ ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧಗಳಲ್ಲಿ ವಿಚಾರಣೆಯಿಂದ ರಕ್ಷಣೆಯಿದೆ ಎಂಬುದನ್ನು ಡಾಕ್ಟರಿಂದ ತಿಳಿದಿದ್ದೆವು; ಅದನ್ನೂ ಹೇಳಿದೆವು. ಅಖಿಲ ಭಾರತ ವೈದ್ಯಕೀಯ ಸಂಸ್ಥೆಯವರು ನಡೆಸಿ 2019ರಲ್ಲಿ ಪ್ರಕಟಿಸಿದ ಸರ್ವೇಕ್ಷಣೆಯಲ್ಲಿ, ಅಫೀಮಿನ ವರ್ಗದ ವಸ್ತುಗಳನ್ನು ಸೇವಿಸುವವರು ದೇಶದಲ್ಲಿ ಸುಮಾರು 2.26 ಕೋಟಿ, ಸಹಾಯವು ಬೇಕಾದವರು ಸುಮಾರು 77 ಲಕ್ಷ ಎಂದಿದೆ. ಒಂದು ಗಿರಣಿಯ ಮುಂದೆ ಒಬ್ಬಳು ಬಂದದ್ದು ಆಶ್ಚರ್ಯವಲ್ಲ.

ವಾರ್ಡಿಗೆ ಎರಡು ದಿನಕ್ಕೊಮ್ಮೆ ಬುತ್ತಿಯನ್ನು ಒಯ್ಯುತ್ತಿದ್ದೆವು. ಮೂರನೆಯ ದಿನ ಹುಡುಗನು ಗಂಜಿ ಕುಡಿದನು. ಐದನೆಯ ದಿನ ಅನ್ನ ಸಾರು ತಿಂದನು. ಬದಲಾವಣೆಯು ತಂದೆಯಲ್ಲಿ ಹೆಚ್ಚಾಗಿ ಕಂಡಿತು. ಮೂರನೆಯ ರಾತ್ರಿ ಔಷಧವಿದ್ದೂ ಮಗನ ಕಾಲುಗಳು ಹಾಸಿಗೆಯ ಮೇಲೆ ತಾವಾಗಿಯೇ ಒದ್ದುಕೊಳ್ಳುವುದನ್ನು ನೋಡಿ, ಬೆಳಗಿನವರೆಗೆ ಅವನ್ನು ಒತ್ತುತ್ತ ಕುಳಿತಿದ್ದನಂತೆ. “ಇದನ್ನು ಯಾರೂ ಹಠಕ್ಕೆ ಮಾಡುವುದಿಲ್ಲ ಮೇಷ್ಟ್ರೇ” ಎಂದನು.

ಒಂಬತ್ತನೆಯ ದಿನ ಮನೆಗೆ ಕಳುಹಿಸುವಾಗ ಡಾಕ್ಟರು ತಂದೆತಾಯಿಗಳಿಬ್ಬರನ್ನೂ ಕುಳ್ಳಿರಿಸಿಕೊಂಡು ಹೇಳಿದ ಮಾತು ಎಲ್ಲ ಗೃಹಸ್ಥರಿಗೂ ತಿಳಿದಿರತಕ್ಕದ್ದು. ಅಪಾಯದ ಕಾಲವು ಕಳೆಯಿತೆಂದು ತಿಳಿಯಬಾರದು. ಅದು ಈಗಲೇ ಪ್ರಾರಂಭ. ಮೈಯು ಹಳೆಯ ಸಹನಶಕ್ತಿಯನ್ನು ಕಳೆದುಕೊಂಡಿರುತ್ತದೆ. ಮನಸ್ಸು ಹಳೆಯ ಲೆಕ್ಕವನ್ನು ಮರೆತಿರುವುದಿಲ್ಲ. ಹಿಂದೆ ತಿನ್ನುತ್ತಿದ್ದಷ್ಟನ್ನೇ ಒಂದು ದಿನ ತಿಂದರೆ ಉಸಿರಾಟವೇ ನಿಂತುಹೋಗಬಹುದು. ಎಬ್ಬಿಸಿದರೂ ಏಳದಿರುವುದು, ಉಸಿರು ನಿಧಾನವಾಗಿ ಗೊರಗೊರ ಎನ್ನುವುದು, ತುಟಿಗಳು ನೀಲಿಯಾಗುವುದು, ಪಾಪೆಯು ಚುಕ್ಕೆಯಾಗುವುದು ಇವುಗಳನ್ನು ಕಂಡರೆ ನಿದ್ರೆಯೆಂದು ಬಿಡದೆ, ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನು ಮಾಡಬೇಕು. ನಾಲಾಕ್ಸೋನ್ ಎಂಬ ಚುಚ್ಚುಮದ್ದು ಕೆಲವು ನಿಮಿಷಗಳಲ್ಲಿ ಉಸಿರನ್ನು ಮರಳಿಸುತ್ತದೆ.

ಬ್ಯೂಪ್ರೆನಾರ್ಫಿನನ್ನು ತಿಂಗಳುಗಟ್ಟಲೆ, ಬೇಕಾದರೆ ಅದಕ್ಕೂ ಹೆಚ್ಚಾಗಿ ಮುಂದುವರಿಸಬೇಕೆಂದಾಗ ತಾಯಿಯು ಅಳುವಂತಾಗಿ, “ಒಂದನ್ನು ಬಿಡಿಸಿ ಇನ್ನೊಂದಕ್ಕೆ ಕಟ್ಟಿಹಾಕಿದಿರೇನಮ್ಮಾ?” ಎಂದು ಕೇಳಿದಳು. ನಮ್ಮ ಮನಸ್ಸಿನಲ್ಲಿಯೂ ಇದೇ ಪ್ರಶ್ನೆಯಿತ್ತು. ಡಾಕ್ಟರು ಬೇಸರಪಡಲಿಲ್ಲ. “ನಿಮಗೆ ಸಕ್ಕರೆ ಕಾಯಿಲೆ ಇದೆ ಅಂತ ಹೇಳಿದಿರಿ. ದಿನಾ ಮಾತ್ರೆ ತಗೋತೀರಿ. ಅದಕ್ಕೆ ನಿಮ್ಮನ್ನು ಚಟದವರು ಅಂತ ಯಾರೂ ಅನ್ನೋದಿಲ್ಲ ಅಲ್ಲವೇ? ಇವನು ಇದನ್ನು ತಗೊಂಡು ಕೆಲಸಕ್ಕೆ ಹೋಗ್ತಾನೆ, ನಿದ್ದೆ ಮಾಡ್ತಾನೆ, ಕದಿಯೋದಿಲ್ಲ. ಬರಿಯ ಹತ್ತು ದಿನದಲ್ಲಿ ಮೈ ಶುದ್ಧಿ ಮಾಡಿ ಕಳಿಸಿದವರಲ್ಲಿ ಬಹಳ ಜನ ಮತ್ತೆ ಅದಕ್ಕೇ ಹೋಗ್ತಾರೆ ಅಮ್ಮ” ಎಂದರು. ಪೂರ್ತಿಯಾಗಿ ಬಿಟ್ಟ ಮೇಲೆ ಅಮಲೇರದಂತೆ ತಡೆಯುವ ನಾಲ್ಟ್ರೆಕ್ಸೋನ್ ಎಂಬ ಬೇರೆಯ ದಾರಿಯೂ ಇದೆ. ಯಾರಿಗೆ ಯಾವುದೆಂಬುದು ವೈದ್ಯರ ವಿವೇಚನೆ.

ಮನೆಗೆ ಬಂದ ಮೇಲೆ ಮಾತ್ರೆಯ ಡಬ್ಬಿಯು ದೇವರ ಗೂಡಿನ ಪಕ್ಕದ ಬೀರುವಿನಲ್ಲಿ ಸೇರಿ, ಬೀಗದ ಕೈಯು ತಾಯಿಯ ಸೊಂಟಕ್ಕೆ ಹೋಯಿತು. ಹರಕೆಯನ್ನೂ ತೀರಿಸುತ್ತಾಳಂತೆ, ಅದರಲ್ಲಿ ವಿರೋಧವೇನಿದೆ? ಲೇತ್ ಕಾರ್ಖಾನೆಗೆ ಹೋದರೆ ಅದೇ ಜೊತೆಗಾರರೆಂದು ಸದ್ಯಕ್ಕೆ ಗಿರಣಿಯಲ್ಲಿಯೇ ಕುಳಿತಿದ್ದಾನೆ. ಸೊಂಟದ ನೋವಿಗೆ ವ್ಯಾಯಾಮವನ್ನು ಕಲಿಸಿದ್ದಾರೆ. ಸಂಬಂಧದವರಿಗೆ ವಿಷಯವನ್ನು ತಿಳಿಸುವುದೇ ಬಿಡುವುದೇ ಎಂಬುದರಲ್ಲಿ ಮನೆಯಲ್ಲಿ ಎರಡು ಪಕ್ಷಗಳಾದವು. ಕಡೆಗೆ ಮಗಳೇ, “ಅಣ್ಣ ಎರಡು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಬೇಕು, ಮದುವೆಯಾದ ಮೇಲೆ ಗೊತ್ತಾಗುವುದಕ್ಕಿಂತ ಈಗಲೇ ಹೇಳಿಬಿಡಿ” ಎಂದಳು. ತಂದೆಯು ಹೋಗಿ ಹೇಳಿ ಬಂದನು. ಅವರ ಉತ್ತರವು ನಾವು ಹೊರಡುವವರೆಗೆ ಬಂದಿರಲಿಲ್ಲ.

ಹೊರಟ ದಿನ ಹುಡುಗನು ನಮ್ಮ ಚೀಲವನ್ನು ಹಿಡಿದುಕೊಂಡು ಸುಂಕದಕಟ್ಟೆಯ ನಿಲ್ದಾಣದವರೆಗೆ ಬಂದನು. ಕಡೆಯ ಮಾತ್ರೆಯನ್ನು ನುಂಗಿ 17 ದಿನಗಳಾಗಿದ್ದವು. ಅವನೇ ಎಣಿಸಿ ಹೇಳಿದನು. ಆ ಹುಡುಗರು ಫೋನು ಮಾಡುತ್ತಿದ್ದಾರೆಯೇ ಎಂದು ಕೇಳಿದೆವು. “ಮಾಡ್ತಾರೆ ತಾತ. ನಂಬರು ಬದಲಾಯಿಸಿಕೊಳ್ಳೋಣ ಅಂತಿದ್ದೀನಿ” ಎಂದನು. ನಂಬರನ್ನು ಬದಲಾಯಿಸುವ ಅಂಗಡಿಯು ಎದುರಿಗೇ ಇತ್ತು. ಮಾಗಡಿಯ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷಗಳಿದ್ದುದರಿಂದ ಇಬ್ಬರೂ ರಸ್ತೆಯನ್ನು ದಾಟಿದೆವು.